ಸೆಕ್ಷನ್ 4ರಿಂದ ಸೆಕ್ಷನ್ 20ರವರೆಗೆ: ದೆಹಲಿಯ ರಿಡ್ಜ್ ಕಾಡಿನ ಕಥೆ

ಹೋದ ವಾರದ ವಿಡಿಯೊದಲ್ಲಿ ಮಾತಾಡಿದ್ದನ್ನೇ ಇಲ್ಲಿ ಸ್ವಲ್ಪ ತಿದ್ದಿ ಬರಹಕ್ಕೆ ಇಳಿಸಿದ್ದೇನೆ. ವಿಡಿಯೊ ನೋಡದವರೂ ಧೈರ್ಯವಾಗಿ ಓದಬಹುದು, ಏನೂ ತಪ್ಪಿಹೋಗುವುದಿಲ್ಲ.

ದೆಹಲಿ ವಿಮಾನ ನಿಲ್ದಾಣದಿಂದ ಊರೊಳಗೆ ಬರುವಾಗ, ಧೌಲಾ ಕುವಾ ದಾಟಿ ಸರ್ದಾರ್ ಪಟೇಲ್ ಮಾರ್ಗಕ್ಕೆ ಬಂದ ಕೂಡಲೇ ರಸ್ತೆ ಪಕ್ಕದಲ್ಲಿ ಒಂದು ಮುಳ್ಳುಕಾಡು ಶುರುವಾಗುತ್ತೆ. ಹೊಸದಾಗಿ ಬಂದವರು ಅದನ್ನು ಯಾವುದೋ ಪಾಳುಬಿದ್ದ ಜಾಗ ಅಂದುಕೊಳ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ದಿನ ಇಳಿದು ಹತ್ತಿರ ಹೋಗಿ ನೋಡಿದಾಗ ಗಿಡದ ಪರಿಚಯ ಸಿಕ್ಕಿತು. ನಮ್ಮ ಕೆರೆ ಅಂಗಳದಲ್ಲಿ, ರೈಲು ಹಳಿಯ ಪಕ್ಕದಲ್ಲಿ ಬೆಳೆಯುವ ಬಳ್ಳಾರಿ ಜಾಲಿ! ಇಲ್ಲಿಯ ಜನ ಅದಕ್ಕೆ ವಿಲಾಯತಿ ಕೀಕರ್ ಅಂತಾರೆ. ಅವರು ವಿಲಾಯತಿಯದು ಅಂತಾರೆ, ನಾವು ಬಳ್ಳಾರಿಯದು ಅಂತೀವಿ. ಅಸಲಿಗೆ ಅದು ಎರಡೂ ಕಡೆಯದಲ್ಲ, ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಡೆಯ ಗಿಡ.

ಆ ಮುಳ್ಳುಕಾಡಿನ ಹೆಸರು ರಿಡ್ಜ್. ಗುಜರಾತಿನಿಂದ ರಾಜಸ್ಥಾನ, ಹರಿಯಾಣ ಹಾದು ಬರುವ ಅರಾವಳಿ ಬೆಟ್ಟಸಾಲಿನ ಕೊನೆಯ ತುದಿ ದೆಹಲಿಯೊಳಗೆ ಬಂದು ಮುಗಿಯುತ್ತದೆ. ಸರ್ಕಾರಿ ಲೆಕ್ಕದಲ್ಲಿ ರಿಡ್ಜ್ ಒಟ್ಟು 7,784 ಹೆಕ್ಟೇರ್. ದೆಹಲಿ ವಿಶ್ವವಿದ್ಯಾಲಯದ ಪಕ್ಕದ ಉತ್ತರ ರಿಡ್ಜ್ 87 ಹೆಕ್ಟೇರ್, ರಾಷ್ಟ್ರಪತಿ ಭವನದ ಹಿಂದಿನ ಮಧ್ಯ ರಿಡ್ಜ್ 864, ಮೆಹ್ರೌಲಿ ಕಡೆಯದು 626, ನಾನಕ್‌ಪುರದಲ್ಲಿ ಒಂದು 7 ಹೆಕ್ಟೇರಿನ ತುಂಡು. ಉಳಿದ 6,200 ಹೆಕ್ಟೇರ್ ಪೂರಾ ದಕ್ಷಿಣ ರಿಡ್ಜ್, ಅಂದರೆ ಹರಿಯಾಣ ಗಡಿಯ ಹಳ್ಳಿಗಳ ಕಡೆ. ಈ ಕೊನೆಯ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಕಥೆಯ ಗಂಟು ಅಲ್ಲೇ ಇದೆ.

ಮೊದಲು ಹಳೆಯ ಕಥೆ. 1857ರ ದಂಗೆಯಲ್ಲಿ ಬ್ರಿಟಿಷ್ ಸೈನ್ಯ ಬೀಡುಬಿಟ್ಟು ದೆಹಲಿಗೆ ಮುತ್ತಿಗೆ ಹಾಕಿದ್ದು ಉತ್ತರ ರಿಡ್ಜ್ ಮೇಲಿಂದ. ಅವತ್ತು ಅದು ಹೆಚ್ಚಾಗಿ ಬೋಳು ಕಲ್ಲುಗುಡ್ಡ. ಸುತ್ತಲ ಹಳ್ಳಿಗಳ ದನ, ಆಡು ಮೇಯುವ ಜಾಗ, ಉರುವಲು ಆರಿಸುವ ಜಾಗ. 1880ರ ದಶಕದಲ್ಲಿ ಅಲ್ಲಿ ಮರ ನೆಡುವ ಕೆಲಸ ಶುರುವಾಯಿತು. ಕೆಳಗಿದ್ದ ದೊರೆಗಳ ಬಂಗಲೆಗಳಿಗೆ ತಂಪು ಬೇಕು, ಧೂಳು ತಗ್ಗಬೇಕು, ನೋಡಲು ಹಸಿರು ಬೇಕು. ನೆಟ್ಟ ಗಿಡ ಉಳಿಯಬೇಕಾದರೆ ದನ ಬರಬಾರದು. ಹಾಗಾಗಿ ಮೇಯಿಸುವವರನ್ನು ಹೊರಗಿಟ್ಟರು. ದೆಹಲಿಯಲ್ಲಿ ‘ಅರಣ್ಯ ರಕ್ಷಣೆ’ ಅನ್ನುವ ಕೆಲಸದ ಮೊದಲ ಪಾಠ ಇದು. ಕಾಡು ಬೆಳೆಸೋದು ಅಂದರೆ ಅಕ್ಕಪಕ್ಕದವರನ್ನು ಹೊರಗೆ ಹಾಕೋದು.

1911ರ ಡಿಸೆಂಬರ್ ದರ್ಬಾರಿನಲ್ಲಿ ರಾಜಧಾನಿ ಕಲ್ಕತ್ತದಿಂದ ದೆಹಲಿಗೆ ಬರುತ್ತದೆ ಎಂದು ಘೋಷಣೆಯಾಯಿತು. ಹೊಸ ರಾಜಧಾನಿಗಾಗಿ ರಾಯಸೀನಾ, ಮಾಲ್ಚಾ ಮುಂತಾದ ಹಳ್ಳಿಗಳ ಭೂಮಿ ವಶವಾಯಿತು. ಇವತ್ತು ರಾಯಸೀನಾ ಅಂದರೆ ರಾಷ್ಟ್ರಪತಿ ಭವನದ ಗುಡ್ಡ, ಮಾಲ್ಚಾ ಅಂದರೆ ರಾಯಭಾರಿಗಳು ಓಡಾಡುವ ಒಂದು ರಸ್ತೆ. ಹಳ್ಳಿ ಹೋಯಿತು, ಹೆಸರು ಉಳಿಯಿತು. 1913ರಲ್ಲಿ ಹಿಂದಿನ ಗುಡ್ಡದ ಸುಮಾರು 796 ಹೆಕ್ಟೇರನ್ನು 1878ರ ಅರಣ್ಯ ಕಾಯ್ದೆಯಡಿ ಮೀಸಲು ಅರಣ್ಯ ಅಂತ ಘೋಷಿಸಿದರು. ವೈಸ್‌ರಾಯ್ ಮನೆಯ ಬೆನ್ನಿಗೆ ಹಸಿರು ಪರದೆ ಬೇಕಿತ್ತು. ಕಲ್ಲು ನೆಲ, ನೀರಿಲ್ಲ, ಬೇಗ ಬೆಳೆಯಬೇಕು. ಮುಂದಿನ ವರ್ಷಗಳಲ್ಲಿ ಈ ಕೆಲಸಕ್ಕೆ ಒದಗಿದ್ದು ನಮ್ಮ ಬಳ್ಳಾರಿ ಜಾಲಿ. ಅದು ಒದಗಿತು, ಆದರೆ ಬಿಟ್ಟು ಹೋಗಲಿಲ್ಲ. ತನ್ನ ಕೆಳಗೆ ಬೇರೆ ಗಿಡಗಳನ್ನು ಬೆಳೆಯಲು ಬಿಡದೆ ರಿಡ್ಜನ್ನು ಆವರಿಸಿಕೊಂಡಿತು. ಈಗ ಅದನ್ನು ಹಂತಹಂತವಾಗಿ ತೆಗೆದು ಇಲ್ಲಿಯದೇ ಮರ ಬೆಳೆಸುವ ಯೋಜನೆಯನ್ನು ಅರಣ್ಯ ಇಲಾಖೆಯೇ ಹಾಕಿಕೊಂಡಿದೆ.

ಸ್ವಾತಂತ್ರ್ಯ ಬಂದ ಮೇಲೆ ರಿಡ್ಜ್‌ಗೆ ಒಬ್ಬ ಯಜಮಾನ ಅಂತ ಇರಲಿಲ್ಲ. ಒಂದು ತುಂಡು ಕೇಂದ್ರ ಲೋಕೋಪಯೋಗಿ ಇಲಾಖೆಯದು, ಒಂದು ದೆಹಲಿ ಅಭಿವೃದ್ಧಿ ಪ್ರಾಧಿಕಾರ ಅಂದರೆ ಡಿಡಿಎಯದು, ಒಂದು ನಗರಪಾಲಿಕೆಯದು, ಒಂದು ಸೈನ್ಯದ್ದು. ಹತ್ತು ಜನ ಯಜಮಾನರಿದ್ದ ಮನೆಯಲ್ಲಿ ದೀಪ ಹಚ್ಚುವವರು ಯಾರು? ಉದ್ಯಾನ, ರಸ್ತೆ, ಕಟ್ಟಡ ಅಂತ ಕಾಡು ಅಂಚಿನಿಂದ ಸವೆಯಿತು. 1979ರಲ್ಲಿ ಶಾಲೆ, ಕಾಲೇಜಿನ ವಿದ್ಯಾರ್ಥಿಗಳು ಇದನ್ನು ವಿರೋಧಿಸಿ ಬೀದಿಗೆ ಇಳಿದರು. ಆ ಹೋರಾಟದಿಂದ ಹುಟ್ಟಿದ್ದೇ ಕಲ್ಪವೃಕ್ಷ ಎಂಬ ಸಂಘಟನೆ. ಆಮೇಲೆ ವಕೀಲ ಎಂ.ಸಿ. ಮೆಹ್ತಾ ಅವರ ಮೊಕದ್ದಮೆಗಳ ಮೂಲಕ ರಿಡ್ಜ್ ವಿಷಯ ಸುಪ್ರೀಂ ಕೋರ್ಟ್‌ ಮುಂದೆ ಬಂತು. 1994ರ ಮೇ 24ರಂದು ಇಡೀ ರಿಡ್ಜನ್ನು ಮೀಸಲು ಅರಣ್ಯ ಮಾಡುವ ಅಧಿಸೂಚನೆ ಹೊರಟಿತು. 1995ರಲ್ಲಿ ಕೋರ್ಟಿನ ನಿರ್ದೇಶನದ ಮೇಲೆ ರಿಡ್ಜ್ ನಿರ್ವಹಣಾ ಮಂಡಳಿ ಬಂತು. 1996ರಲ್ಲಿ ದಕ್ಷಿಣ ರಿಡ್ಜ್‌ನ ಹಳ್ಳಿಗಳ ಸಾಗುವಳಿಯಾಗದ ಗ್ರಾಮಸಭಾ ಜಮೀನನ್ನು, ನಮ್ಮ ಗೋಮಾಳದಂಥದ್ದು ಅಂತಿಟ್ಟುಕೊಳ್ಳಿ, ಅರಣ್ಯ ಇಲಾಖೆಗೆ ಕೊಟ್ಟರು.

ಗೆದ್ದಾಯಿತು ಅನ್ನಿಸುತ್ತೆ ಅಲ್ವಾ? ಇಲ್ಲೇ ನಿಲ್ಲಬೇಕು.

1994ರಲ್ಲಿ ಹೊರಟಿದ್ದು 1927ರ ಭಾರತೀಯ ಅರಣ್ಯ ಕಾಯ್ದೆಯ ಸೆಕ್ಷನ್ 4ರ ಅಧಿಸೂಚನೆ. ಕಾಯ್ದೆ ಓದಿದರೆ ಗೊತ್ತಾಗುತ್ತೆ, ಸೆಕ್ಷನ್ 4 ಅಂದರೆ ‘ಈ ಜಾಗವನ್ನು ಮೀಸಲು ಅರಣ್ಯ ಮಾಡಲು ತೀರ್ಮಾನಿಸಿದ್ದೇವೆ’ ಅನ್ನುವ ಪ್ರಕಟಣೆ. ಮದುವೆ ಆಗಿಲ್ಲ, ನಿಶ್ಚಿತಾರ್ಥ ಅಷ್ಟೆ. ಅದರ ಜೊತೆಗೆ ಒಬ್ಬ ಅರಣ್ಯ ವ್ಯವಸ್ಥಾಪನಾ ಅಧಿಕಾರಿಯನ್ನು ನೇಮಿಸಬೇಕು. ಸೆಕ್ಷನ್ 6ರ ಪ್ರಕಾರ ಆ ಅಧಿಕಾರಿ ಸುತ್ತಲಿನ ಪ್ರತಿ ಊರಿನಲ್ಲೂ, ಆ ಊರಿನವರ ಭಾಷೆಯಲ್ಲೇ ಸಾರಬೇಕು: ಗಡಿ ಇಲ್ಲಿಂದ ಇಲ್ಲಿಗೆ, ನಿಮಗೆ ಇದರಲ್ಲಿ ಏನಾದರೂ ಹಕ್ಕು ಇದ್ದರೆ ಬಂದು ಹೇಳಿ. ಅದಕ್ಕೆ ಕನಿಷ್ಠ ಮೂರು ತಿಂಗಳ ಗಡುವು. ಹೇಳದೆ ಸುಮ್ಮನಿದ್ದರೆ ಸೆಕ್ಷನ್ 9ರಂತೆ ಹಕ್ಕು ಹೋಗುತ್ತದೆ. ಹೇಳಿದರೆ ವಿಚಾರಣೆ. ದನ ಮೇಯಿಸುವ ಹಕ್ಕು, ಸೌದೆಯ ಹಕ್ಕು, ದಾರಿಯ ಹಕ್ಕು, ನೀರಿನ ಹಕ್ಕು ಎಲ್ಲ ಬರೆದುಕೊಳ್ಳಬೇಕು. ಕೊಡಬಹುದಾದ್ದನ್ನು ಕೊಡಬೇಕು, ಕೊಡಲಾಗದ್ದಕ್ಕೆ ಪರಿಹಾರ ಕೊಡಬೇಕು. ಒಪ್ಪದವರಿಗೆ ಮೇಲ್ಮನವಿ ಇದೆ. ಇದೆಲ್ಲ ಮುಗಿದ ಮೇಲೆ ಸೆಕ್ಷನ್ 20. ಆಗ ಗಡಿ ಖಾಯಂ.

ಈ ಕಾನೂನು ಬ್ರಿಟಿಷರದು. ಜನರ ಮೇಲೆ ಪ್ರೀತಿಯಿಂದ ಬರೆದದ್ದಲ್ಲ, ನನಗೆ ಆ ಭ್ರಮೆ ಇಲ್ಲ. ಆದರೂ ಅದರಲ್ಲೇ 4ಕ್ಕೂ 20ಕ್ಕೂ ನಡುವೆ ‘ಕೇಳಿಸಿಕೊಳ್ಳುವ’ ಒಂದು ಮೆಟ್ಟಿಲು ಇದೆ. ದೆಹಲಿಯಲ್ಲಿ ಆ ಮೆಟ್ಟಿಲು ಮೂವತ್ತು ವರ್ಷ ಹಾಗೇ ಉಳಿಯಿತು. 2021ರ ಜನವರಿಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮೂರು ತಿಂಗಳಲ್ಲಿ ಮುಗಿಸಿ ಎಂದಿತು. ಆಗಲೂ ಮುಗಿಯಲಿಲ್ಲ. ದಕ್ಷಿಣ ರಿಡ್ಜ್‌ನ ಸುಮಾರು 4,000 ಹೆಕ್ಟೇರಿಗೆ ಸೆಕ್ಷನ್ 20ರ ಅಧಿಸೂಚನೆ ಬಂದಿದ್ದು 2025ರ ಕೊನೆಗೆ. 1994ರಲ್ಲಿ ಹುಟ್ಟಿದ ಮಗು ಅಷ್ಟೊತ್ತಿಗೆ ಮೂವತ್ತೊಂದು ವರ್ಷದ ಗೃಹಸ್ಥ.

ತಡವಾದರೆ ಏನಾಯಿತು ಅಂತ ಕೇಳಬಹುದು. ಗಡಿ ಖಾಯಂ ಆಗದ ಕಾಡಿನಲ್ಲಿ ‘ಇದು ಕಾಡೇ ಅಲ್ಲ’ ಅಂತ ವಾದಿಸಲು ಎಲ್ಲರಿಗೂ ಜಾಗ ಇರುತ್ತದೆ. ದುಡ್ಡಿದ್ದವರು ವಕೀಲರನ್ನಿಟ್ಟು ವಾದಿಸಿದರು, ತೋಟದ ಮನೆಗಳು ಎದ್ದವು. ಸರ್ಕಾರಿ ಸಂಸ್ಥೆಗಳೂ ಹಿಂದೆ ಬೀಳಲಿಲ್ಲ. ರಿಡ್ಜ್‌ನಲ್ಲಿ ಏನೇ ಮಾಡಬೇಕಾದರೂ ನಿರ್ವಹಣಾ ಮಂಡಳಿಯ ಮುಂದೆ ಹೋಗಿ, ಸುಪ್ರೀಂ ಕೋರ್ಟಿನ ಒಪ್ಪಿಗೆ ತರಬೇಕು. ಯೋಜನೆಯ ವೆಚ್ಚದ ಶೇಕಡಾ 5ರಷ್ಟನ್ನು ಮಂಡಳಿಯ ನಿಧಿಗೆ ಕಟ್ಟಬೇಕು. ಹೀಗಿದ್ದೂ 2024ರ ಫೆಬ್ರವರಿಯಲ್ಲಿ, ಮೈದಾನ್ ಗಢಿಯ ಅರೆಸೇನಾ ಪಡೆಗಳ ಆಸ್ಪತ್ರೆಗೆ ಹೋಗುವ ರಸ್ತೆ ಅಗಲ ಮಾಡಲು ಕೋರ್ಟಿನ ಅನುಮತಿಯಿಲ್ಲದೆ ಸುಮಾರು 1,100 ಮರ ಉರುಳಿದವು. ಕಡಿಸಿದ್ದು ಡಿಡಿಎ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇದನ್ನು ನ್ಯಾಯಾಂಗ ನಿಂದನೆ ಎಂದು ತೀರ್ಮಾನಿಸಿತು. ಅಗಲವಾದ ರಸ್ತೆಯಿಂದ ಲಾಭ ಪಡೆದ ಸಿರಿವಂತ ನಿವಾಸಿಗಳಿಂದಲೂ ಹಸಿರು ಬೆಳೆಸುವ ಖರ್ಚು ವಸೂಲಿ ಮಾಡಿ ಅಂತ ಹೇಳಿತು. ಆ ಮಾತು ನನಗೆ ಬಹಳ ಹಿಡಿಸಿತು. ಕಾಡಿನ ಲಾಭ ಯಾರಿಗೆ ಹೋಯಿತು ಅಂತ ಕೋರ್ಟ್ ಬಾಯಿಬಿಟ್ಟು ಕೇಳಿತಲ್ಲ!

ಇನ್ನು ದುಡ್ಡಿಲ್ಲದವರ ಕಥೆ. ಅದಕ್ಕೆ ಭಾಟಿ ಗಣಿಗೆ ಬರಬೇಕು.

ದಕ್ಷಿಣ ರಿಡ್ಜ್‌ನ ಒಂದು ಭಾಗವೇ ಅಸೋಲಾ ಭಾಟಿ ವನ್ಯಜೀವಿ ಧಾಮ, ಸುಮಾರು 32 ಚದರ ಕಿಲೋಮೀಟರ್. ಅಸೋಲಾ ಕಡೆಯ ಹಳ್ಳಿಗಳ ಸಮುದಾಯ ಭೂಮಿ 1986ರಲ್ಲಿ, ಭಾಟಿ ಕಡೆಯದು 1991ರಲ್ಲಿ ಧಾಮವಾಯಿತು. ಅದಕ್ಕೆ ಮೊದಲು ಭಾಟಿಯಲ್ಲಿ ಕಾಡಿನ ಬದಲು ಗಣಿಯಿತ್ತು. ದೆಹಲಿಯ ಗಾರೆ ಕೆಲಸಕ್ಕೆ ಬೇಕಾದ ‘ಬದರ್‌ಪುರ್’ ಎಂಬ ಕೆಂಪು ಒರಟು ಮರಳು, ಜೊತೆಗೆ ಕಲ್ಲು, ಇಲ್ಲಿಂದ ಲಾರಿಗಟ್ಟಲೆ ಹೋಯಿತು. ಅಗೆದವರು ಓಡ್ ಸಮುದಾಯದವರು. ದೇಶ ವಿಭಜನೆಯ ಹೊತ್ತಿಗೆ ಗಡಿಯಾಚೆಯಿಂದ ಬಂದವರು. ಓಡ್ ಅನ್ನುವ ಹೆಸರು ಕೇಳಿದಾಗ ನನಗೆ ತಟ್ಟನೆ ನೆನಪಾದದ್ದು ನಮ್ಮ ಒಡ್ಡರು, ಅಂದರೆ ಬೋವಿ ಸಮುದಾಯದವರು. ಹೆಸರಿನ ಹಾಗೆ ಕಸುಬೂ ಅದೇ: ಮಣ್ಣು ಅಗೆಯೋದು, ಕಲ್ಲು ಒಡೆಯೋದು, ಕೆರೆ ಕಟ್ಟೋದು. ಕರ್ನಾಟಕದ ಎಷ್ಟೋ ಕೆರೆ ಏರಿಗಳ ಕೆಳಗೆ ಅವರ ಬೆವರಿದೆ, ದೆಹಲಿಯ ಎಷ್ಟೋ ಗೋಡೆಗಳ ಒಳಗೆ ಇವರದು.

ಗುಂಡಿ ಕುಸಿದು ಕೂಲಿಗಳು ಸತ್ತದ್ದೂ ಉಂಟು. 1990ರ ಸುಮಾರಿಗೆ ಗಣಿ ನಿಂತಿತು. ಆಮೇಲೆ ಅದೇ ಗುಂಡಿಗಳ ಸುತ್ತ ಧಾಮ ಬಂತು. ಧಾಮ ಬಂದ ಮೇಲೆ ಅಗೆದವರ ಮನೆಗಳು ‘ಒತ್ತುವರಿ’ ಆದವು. ತೊಂಬತ್ತರ ದಶಕದಲ್ಲೇ ಅವರನ್ನು ತೆರವು ಮಾಡಿಸುವ ಆದೇಶವಾಯಿತು. ಸಂಜಯ್ ಕಾಲೊನಿ ಇವತ್ತಿಗೂ ಅಲ್ಲೇ ಇದೆ, ತೆರವಿನ ಭಯವೂ ಅಲ್ಲೇ ಇದೆ. ಗಣಿಯಿಂದ ದುಡ್ಡು ಮಾಡಿದವರು ಎದ್ದು ಹೋಗಿ ಎಷ್ಟೋ ಕಾಲವಾಗಿತ್ತು. ಕಾಡು ಹಾಳು ಮಾಡಿದ ಲೆಕ್ಕ ಮಾತ್ರ ಗುದ್ದಲಿ ಹಿಡಿದವರ ಹೆಸರಿಗೆ ಬಂತು. ತೋಟದ ಮನೆಗೂ ಓಡ್ ಜನರ ಮನೆಗೂ ಕಡತದಲ್ಲಿ ಒಂದೇ ಪದ, ಒತ್ತುವರಿ. ಇವೆರಡನ್ನೂ ಬೇರೆ ಬೇರೆ ಮಾಡಿ ನೋಡಬೇಕಾಗಿದ್ದು ಯಾವ ಮೆಟ್ಟಿಲಿನಲ್ಲಿ? ಅದೇ ನಡುವಿನ ಮೆಟ್ಟಿಲಿನಲ್ಲಿ.

ಅರಣ್ಯ ಇಲಾಖೆ ಏನೂ ಮಾಡಿಲ್ಲ ಅಂತ ನಾನು ಹೇಳ್ತಿಲ್ಲ. ಭಾಟಿಯ ಬೋಳು ಗುಂಡಿಗಳಲ್ಲಿ ಗಿಡ ಬೆಳೆಸಲು 2000ದ ಸುಮಾರಿಗೆ ಟೆರಿಟೋರಿಯಲ್ ಆರ್ಮಿಯ ಇಕೋ ಟಾಸ್ಕ್ ಫೋರ್ಸ್ ಬಂತು. ನಿವೃತ್ತ ಸೈನಿಕರೇ ಇರುವ ಪಡೆ ಅದು. ಅವರು ನೆಟ್ಟರು, ನೀರು ಹಾಕಿದರು, ಕಾವಲು ಕಾದರು. ಗುಂಡಿಗಳು ಇವತ್ತು ನೀಲಿ ಕೆರೆಗಳಾಗಿವೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜೊತೆ ಸೇರಿ ಇಲಾಖೆ ಅಲ್ಲಿ ಒಂದು ಶಿಕ್ಷಣ ಕೇಂದ್ರ ನಡೆಸುತ್ತದೆ, ಶಾಲಾ ಮಕ್ಕಳು ಚಿಟ್ಟೆ, ಹಕ್ಕಿ ನೋಡಲು ಬರುತ್ತಾರೆ. ಈಚಿನ ವರ್ಷಗಳಲ್ಲಿ ಕ್ಯಾಮೆರಾಗಳಿಗೆ ಚಿರತೆಯೇ ಸಿಕ್ಕಿದೆ. ಇಷ್ಟು ಜನ ಇರುವ ಮಹಾನಗರದ ಅಂಚಿನಲ್ಲಿ ಚಿರತೆ ಬದುಕಿದೆ ಅಂದರೆ ಸಣ್ಣ ಮಾತಲ್ಲ.

ಆದರೆ ಇನ್ನೊಂದು ಮುಖವನ್ನೂ ನೋಡಿ. 2007ರಲ್ಲಿ ದೆಹಲಿ ಹೈಕೋರ್ಟ್ ನಗರದ ಕೋತಿಗಳನ್ನು ಹಿಡಿದು ಇದೇ ಧಾಮಕ್ಕೆ ಬಿಡಿ ಅಂತ ಆದೇಶಿಸಿತು. ಸಾವಿರಾರು ಕೋತಿಗಳು ಬಂದವು, ಅವುಗಳಿಗೆ ದಿನಾ ಹಣ್ಣು ತರಕಾರಿ ಹಾಕುವ ಕೆಲಸ ಇಲಾಖೆಯ ಮೇಲೆ ಬಿತ್ತು. ಕೋತಿಗೆ ಧಾಮದ ಗೋಡೆ ಒಂದು ಲೆಕ್ಕವೇ? ಮಧ್ಯ ದೆಹಲಿಯ ಬಂಗಲೆಗಳ ಕಾಟ ಅಂಚಿನ ಹಳ್ಳಿಗಳ ಹೆಂಚು, ತಾರಸಿ ಮೇಲೆ ಬಂದು ಕೂತಿತು. ಹಳ್ಳಿಯವರ ಜಮೀನು ಕಾಡಿಗೆ ಹೋಯಿತು, ಕಾಡಿನಿಂದ ಅವರಿಗೆ ಬಂದದ್ದು ಇದು. ಹೀಗಾದಾಗ ‘ಇದು ನಮ್ಮ ಕಾಡು’ ಅಂತ ಅವರ ಬಾಯಲ್ಲಿ ಹೇಗೆ ಬರಬೇಕು?

‘ನಮ್ಮ ಕಾಡು’ ಅನ್ನುವ ಮಾತು ಅರಾವಳಿಯಲ್ಲಿ ಕೇಳಿಸುವ ಜಾಗ ಒಂದಿದೆ. ಅಸೋಲಾದಿಂದ ಹರಿಯಾಣದ ಗಡಿ ದಾಟಿ ಸ್ವಲ್ಪ ಹೋದರೆ ಫರೀದಾಬಾದ್ ಜಿಲ್ಲೆಯ ಮಾಂಗರ್. ಅಲ್ಲಿನ ಕಣಿವೆಯ ಕಾಡಿಗೆ ಮಾಂಗರ್ ಬನಿ ಅಂತ ಹೆಸರು. ಕೊಡಗಿನವರಿಗೆ ಒಂದೇ ಮಾತಲ್ಲಿ ಹೇಳಬಹುದು: ದೇವರಕಾಡು. ಮಾಂಗರ್, ಬಂಧವಾಡಿ, ಬಲಿಯಾವಾಸ್ ಈ ಮೂರು ಗುಜ್ಜರ್ ಹಳ್ಳಿಗಳು ಗುದಡಿಯಾ ದಾಸ್ ಬಾಬಾನ ಹೆಸರಲ್ಲಿ ಅದನ್ನು ಕಾಯ್ದುಕೊಂಡು ಬಂದಿವೆ. ಗುಜ್ಜರರೆಂದರೆ ದನ, ಎಮ್ಮೆ ಸಾಕುವವರು. ಅಂಥವರು ಬನಿಯ ಮರಕ್ಕೆ ಕೊಡಲಿ ತಾಗಿಸುವುದಿಲ್ಲ, ಕಡಿದವನಿಗೆ ಬಾಬಾ ಒಳ್ಳೆಯದು ಮಾಡೋಲ್ಲ ಅಂತ ನಂಬಿಕೆ. ಅಲ್ಲಿಗೆ ಹೋದವರು ಗಮನಿಸುವ ಮೊದಲ ಸಂಗತಿ ಅಂದರೆ ಬಳ್ಳಾರಿ ಜಾಲಿ ಹಿಂದೆ ಸರಿಯುತ್ತೆ, ಧೌ ಮರಗಳು ಶುರುವಾಗುತ್ತವೆ. ಧೌ ನಮ್ಮ ದಿಂಡಿಗದ ಹತ್ತಿರದ ನೆಂಟ. ಕಲ್ಲು ಇಳಿಜಾರಿನಲ್ಲಿ ನಿಧಾನವಾಗಿ ಬೆಳೆಯುವ ಮರ. ದೆಹಲಿಯ ರಿಡ್ಜ್ ಒಂದು ಕಾಲದಲ್ಲಿ ಹೇಗಿದ್ದಿರಬಹುದು ಅನ್ನೋದಕ್ಕೆ ಬನಿಯೇ ಒಂದು ಸಾಕ್ಷಿ.

ಹಾಗಾದರೆ ಇಲಾಖೆಯೇ ಬೇಡ, ಜನಕ್ಕೆ ಬಿಟ್ಟುಬಿಡಿ ಅನ್ನೋಣವೇ? ಅದೂ ಪೂರ್ತಿ ನಿಜವಲ್ಲ. ಮಾಂಗರ್ ಸುತ್ತಿನ ಬೆಟ್ಟ ಊರಿನ ಸಾಮೂಹಿಕ ಜಮೀನಾಗಿತ್ತು. ಇಪ್ಪತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಅದು ಕಾಗದದ ಮೇಲೆ ಪಾಲಾಯಿತು, ಪಾಲುಗಳು ಹೊರಗಿನವರಿಗೆ ಮಾರಾಟವಾದವು. ಗುರ್‌ಗಾಂವ್ ಬೆಳೆಯುತ್ತಿತ್ತು, ಎಕರೆಯ ಬೆಲೆ ಏರುತ್ತಿತ್ತು. ಮರ ಕಡಿದರೆ ಬಾಬಾ ಸಿಟ್ಟಾಗುತ್ತಾನೆ, ಸರಿ. ಕ್ರಯಪತ್ರಕ್ಕೆ ಸಹಿ ಹಾಕಬೇಡ ಅಂತ ಬಾಬಾ ಯಾವತ್ತೂ ಹೇಳಿರಲಿಲ್ಲವಲ್ಲ! ಕಟ್ಟಡಗಳು ಬನಿಯ ಬಾಗಿಲಿಗೆ ಬರುವ ಹೊತ್ತಿಗೆ ಊರಿನ ಕೆಲವರು, ಪರಿಸರದವರು ಸೇರಿ ವರ್ಷಗಟ್ಟಲೆ ಬಡಿದಾಡಿದರು. 2016ರಲ್ಲಿ ಹರಿಯಾಣ ಸರ್ಕಾರ ಬನಿಯ 677 ಎಕರೆ ಮತ್ತು ಸುತ್ತಲಿನ 1,132 ಎಕರೆಯಲ್ಲಿ ಕಟ್ಟಡ ಕಟ್ಟುವಂತಿಲ್ಲ ಎಂದು ಘೋಷಿಸಿತು. ಕಾಡನ್ನು ಬೆಳೆಸಿ ಉಳಿಸಿದ್ದು ನಂಬಿಕೆ. ಮಾರುಕಟ್ಟೆಯ ಎದುರು ನಿಲ್ಲಿಸಲು ಮಾತ್ರ ಸರ್ಕಾರದ ಮೊಹರು ಬೇಕಾಯಿತು.

ಈ ಎರಡನ್ನೂ ಸೇರಿಸುವ ದಾರಿ ಕಾನೂನಿನಲ್ಲಿ ಇಲ್ಲವೇ? ಇದೆ, ಮೊದಲಿಂದಲೂ ಇದೆ. ಅದೇ 1927ರ ಕಾಯ್ದೆಯ ಸೆಕ್ಷನ್ 28 ಗ್ರಾಮ ಅರಣ್ಯದ ಬಗ್ಗೆ. ಮೀಸಲು ಅರಣ್ಯದ ಮೇಲಿನ ಹಕ್ಕನ್ನು ಸರ್ಕಾರ ಒಂದು ಊರಿನ ಸಮುದಾಯಕ್ಕೆ ವಹಿಸಿಕೊಡಬಹುದು. 1878ರ ಕಾಯ್ದೆಯಲ್ಲೂ ಈ ಅವಕಾಶವಿತ್ತು. ದೇಶದಲ್ಲಿ ಬಹಳ ಕಡೆ ಇದು ಪುಸ್ತಕದಲ್ಲೇ ಉಳಿಯಿತು. ಆದರೆ ನಮ್ಮ ಉತ್ತರ ಕನ್ನಡದಲ್ಲಿ ಉಳಿಯಲಿಲ್ಲ. ಕುಮಟಾ ತಾಲೂಕಿನ ಹಳಕಾರದಲ್ಲಿ 1920ರ ದಶಕದಿಂದಲೇ ಗ್ರಾಮ ಅರಣ್ಯ ಪಂಚಾಯತಿ ಇದೆ. ಊರಿನವರೇ ಆರಿಸಿದ ಸಮಿತಿ, ಊರಿನವರೇ ನೇಮಿಸಿದ ಕಾವಲುಗಾರ, ಸೌದೆಗೂ ಸೊಪ್ಪಿಗೂ ಊರಿನದೇ ನಿಯಮ. 1979ರಲ್ಲಿ ಸರ್ಕಾರ ಅದನ್ನು ರದ್ದು ಮಾಡಲು ಹೊರಟಾಗ ಹಳಕಾರದವರು ಕೋರ್ಟಿಗೆ ಹೋದರು, ಕಾಡನ್ನು ಬಿಟ್ಟುಕೊಡಲಿಲ್ಲ. ಕಾಡು ಇವತ್ತೂ ಇದೆ.

ಹಳಕಾರವನ್ನು ಎತ್ತಿ ದೆಹಲಿಯಲ್ಲಿ ಇಡೋಕೆ ಆಗಲ್ಲ ಅಂತ ನನಗೂ ಗೊತ್ತು. ಇಲ್ಲಿ ಒಂದು ಎಕರೆಯ ಬೆಲೆಯೇ ಬೇರೆ, ದನ ಕಟ್ಟಿದವರೂ ಕಡಿಮೆಯಾಗಿದ್ದಾರೆ. ಆದರೂ ಎರಡು ಊರಿನ ನಡುವಿನ ವ್ಯತ್ಯಾಸವನ್ನು ನಾವು ಗಮನಿಸಬೇಕು. ಹಳಕಾರದವರಿಗೆ ತಮ್ಮ ಹಕ್ಕು ಏನು, ಗಡಿ ಎಲ್ಲಿ, ಕಡಿದರೆ ಯಾರಿಗೆ ಉತ್ತರ ಕೊಡಬೇಕು ಅನ್ನೋದು ನೂರು ವರ್ಷದಿಂದ ಗೊತ್ತು. ಸಂಜಯ್ ಕಾಲೊನಿಯವರಿಗೆ ಇವತ್ತು ಮಲಗಿ ನಾಳೆ ಏಳುವ ಮನೆ ಕಾಡಿನದ್ದೋ ತಮ್ಮದ್ದೋ ಅನ್ನೋದೇ ದಶಕಗಳಿಂದ ಗೊತ್ತಿಲ್ಲ. ನಾಳೆ ಇರುತ್ತೇವೋ ಇಲ್ಲವೋ ಗೊತ್ತಿಲ್ಲದವರು ಮರ ಕಾಯಲಿ ಅಂತ ಯಾವ ಬಾಯಲ್ಲಿ ಕೇಳೋದು?

2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ರಿಡ್ಜ್ ನಿರ್ವಹಣಾ ಮಂಡಳಿಗೆ ಶಾಸನಬದ್ಧ ಸ್ಥಾನ ಕೊಡಿ ಎಂದು ಆದೇಶಿಸಿತು. ಸೆಕ್ಷನ್ 20ರ ಕೆಲಸವೂ ಕೊನೆಗೆ ಶುರುವಾಗಿದೆ. ಒಳ್ಳೆಯದೇ. ಇನ್ನೂ ಸಾವಿರಾರು ಹೆಕ್ಟೇರ್ ಬಾಕಿ ಇದೆ. ಆ ಬಾಕಿಯನ್ನು ಮುಗಿಸುವಾಗ ಗಡಿಕಲ್ಲು ನೆಡುವ ಅವಸರದಲ್ಲಿ ಸೆಕ್ಷನ್ 6ರ ಡಂಗುರ ಸರಿಯಾಗಿ ಹೊಡೆಯುತ್ತಾರಾ, ಊರಿನವರು ಹೇಳಿದ್ದನ್ನು ಬರೆದುಕೊಳ್ಳುತ್ತಾರಾ, ತೋಟದ ಮನೆಯನ್ನೂ ಗಣಿ ಕೂಲಿಯ ಮನೆಯನ್ನೂ ಬೇರೆ ಮಾಡಿ ನೋಡುತ್ತಾರಾ, ನಾನು ಕಾಯ್ತಿರೋದು ಅದಕ್ಕೆ. ಕಾಡಿಗೆ ಗೋಡೆ ಬೇಕು, ಇಲ್ಲ ಅನ್ನಲ್ಲ. ಮೂವತ್ತು ವರ್ಷ ಆ ಗೋಡೆ ಸೋರಿದ್ದು ಕೇಳಿಸಿಕೊಳ್ಳದೆ ಬಿಟ್ಟ ಸಂದಿನಲ್ಲೇ.

ಸರ್ದಾರ್ ಪಟೇಲ್ ಮಾರ್ಗದಲ್ಲಿ ಹೋಗುವಾಗ ಈಗಲೂ ಕಿಟಕಿಯಿಂದ ಬಳ್ಳಾರಿ ಜಾಲಿ ಕಾಣುತ್ತೆ. ಮುಂದಿನ ಸಲ ದೆಹಲಿಗೆ ಬಂದಾಗ ನೀವೂ ನೋಡಿ. ನಿಮ್ಮ ಊರಿನ ಗೋಮಾಳ, ಬೆಟ್ಟ, ದೇವರಕಾಡು ಈಗ ಯಾರ ಹೆಸರಿನಲ್ಲಿದೆ ಅಂತ ಒಮ್ಮೆ ಮನೆಯ ಹಿರಿಯರನ್ನು ಕೇಳಿ. ಗೊತ್ತಾದರೆ ನನಗೂ ಬರೆದು ತಿಳಿಸಿ.